ಐದನೆಯ ಬೆರಳು

"ಅಷ್ಟು ದೂರ ಹೋಗೋರನ್ನ ಯಾರಾದ್ರೂ ಖಾಲಿ ಹೊಟ್ಟೇಲಿ ಕಳಿಸ್ತಾರಾ?"

ಬೆಳಗಿನ ಆ ಹೊತ್ತಿಗೆ ಅಡುಗೆಮನೆಯಲ್ಲಿ ಈ ಮಾತು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಗಾಜಿನ ತೊಟ್ಟಿಯೊಳಗಿನ ಎರಡು ಜೀವಗಳು ಮಾತ್ರ ರೆಪ್ಪೆಯಿಲ್ಲದ ಕಣ್ಣುಗಳಿಂದ ಅಕ್ಕನ ಕಡೆ ನೋಡುತ್ತಿದ್ದವು. ಪ್ರಯಾಣಕ್ಕೆ ಎರಡು ದಿನ ಮುಂಚಿನಿಂದ ಅವಕ್ಕೆ ಏನೂ ಹಾಕಕೂಡದು ಎಂದು ತಮ್ಮ ಫೋನಿನಲ್ಲಿ ಮೂರು ಸಲ ಹೇಳಿದ್ದ. ಅಕ್ಕ ಎರಡು ದಿನ ಮನಸ್ಸು ಕಲ್ಲು ಮಾಡಿಕೊಂಡಿದ್ದಳು. ಮೂರನೆಯ ಬೆಳಿಗ್ಗೆ, ತಾನು ಎರಡು ತುತ್ತು ತಿಂದು ಕೈ ತೊಳೆದ ಮೇಲೆ, ಅದು ಕರಗಿತು. ಗಡಿಯಾರದ ಹಲ್ಲುಚಕ್ರ ಎತ್ತುವ ಚಿಮಟದಿಂದಲೇ ಒಂದೊಂದು ಎರೆಹುಳು ಎತ್ತಿ ಇಬ್ಬರ ಬಾಯಿಗೂ ಹಿಡಿದಳು. ಗುಳುಕ್ಕೆಂದು ನುಂಗಿದವು.

"ನಿಮ್ಮ ಯಜಮಾನ್ರಿಗೆ ಹೇಳ್ಬೇಡಿ ಮತ್ತೆ," ಎಂದಳು.

ಆಕ್ಸೊಲಾಟಲ್ ಎನ್ನುವ ಹೆಸರು ಅವಳ ನಾಲಿಗೆಗೆ ಇವತ್ತಿನವರೆಗೂ ಹತ್ತಿರಲಿಲ್ಲ. ಕಪ್ಪೆಯ ದೂರದ ನೆಂಟರು, ಸಾಯುವವರೆಗೂ ಮರಿಯ ಹಾಗೇ ನೀರಿನಲ್ಲಿರುತ್ತವೆ, ತಲೆಯ ಎರಡೂ ಪಕ್ಕ ಗರಿಗರಿಯಾಗಿ ಕಿವಿರು ಎಂದು ತಮ್ಮ ವಿವರಿಸಿದ್ದ. ಅವಳು ಅವನ್ನು ಬಿಳಿಯ, ಕರಿಯ ಎಂದು ಕರೆಯುತ್ತಿದ್ದಳು. ತಮ್ಮ ಮೊದಲು ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು. ಪ್ರಯೋಗಾಲಯಕ್ಕೆ ಬೀಗ ಬಿದ್ದ ದಿನ ಇವೆರಡನ್ನು ಬಕೆಟ್ಟಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದ. "ಹೆಂಡ್ತಿ ತರೋ ವಯಸ್ಸಲ್ಲಿ ಹಲ್ಲಿ ತಂದ," ಎಂದು ಅವಳು ಆಡಿಕೊಂಡಿದ್ದಳು. ಅದು ಹನ್ನೊಂದು ವರ್ಷದ ಹಿಂದಿನ ಮಾತು.

ಈಗ ಅವನು ಗಡಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಮಲಗಿ ಎರಡು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ತಿಂದುಹಾಕಿದ ಎಡಗಾಲನ್ನು ನಾಳೆ ಬೆಳಿಗ್ಗೆ ಎಂಟಕ್ಕೆ ಮಂಡಿಯ ಕೆಳಗೆ ತೆಗೆಯುವುದೆಂದು ಗೊತ್ತಾಗಿತ್ತು. ಏನು ಬೇಕೋ ಎಂದು ಕೇಳಿದ್ದಕ್ಕೆ, ಯಾವತ್ತೂ ಏನೂ ಕೇಳದ ತಮ್ಮ, "ಅವೆರಡನ್ನ ತರ್ತೀಯಾ? ಒಂದ್ಸಲ ನೋಡ್ಬೇಕು," ಎಂದಿದ್ದ.

ಪ್ರಯಾಣದ ಕ್ರಮವನ್ನು ಅವನು ಹೇಳುತ್ತಾ ಹೋದಂತೆ ಅವಳು ಬರೆದುಕೊಳ್ಳಲಿಲ್ಲ. ಅಪ್ಪ ಅಂಗಡಿಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಾಗ ಪದ್ಯ ವಾಚಿಸುತ್ತಿದ್ದ. ಕೇಳಿ ಕೇಳಿಯೇ ಅವಳಿಗೆ ಪದ್ಯವೂ ಬಂದಿತ್ತು, ಕಸುಬೂ ಬಂದಿತ್ತು. ತಮ್ಮನ ಮಾತನ್ನೂ ಅದೇ ಧಾಟಿಗೆ ಕೂರಿಸಿಕೊಂಡಳು. ಒಬ್ಬೊಬ್ಬರಿಗೊಂದೊಂದು ಡಬ್ಬಿ, ಒಟ್ಟಿಗಿಟ್ಟರೆ ಕಚ್ಚಾಟ. ಕಲ್ಲು ಬೇಡ, ಮರಳು ಬೇಡ. ಥರ್ಮಾಕೋಲ್ ಪೆಟ್ಟಿಗೆ, ಬಟ್ಟೆ ಸುತ್ತಿದ ಮಂಜಿನ ಚೀಲ, ನೀರಿಗೆ ಮಂಜು ತಾಗದ ಹಾಗೆ. ಹದಿನೆಂಟು ಡಿಗ್ರಿ ದಾಟದ ಹಾಗೆ. ಕತ್ತಲಿರಲಿ, ಗಾಳಿಯಾಡಲಿ. ಕೊನೆಯಲ್ಲಿ ಬರುವ ಉಪವಾಸದ ಸಾಲನ್ನು ಮಾತ್ರ ಈವತ್ತು ಗುನುಗದೆ ಬಿಟ್ಟಳು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡಾಗ ಕಂಡಕ್ಟರ್ ಬಗ್ಗಿ ನೋಡಿದ.

"ಐಸ್‌ಕ್ರೀಮಾ ಅಕ್ಕಾ?"

"ನನ್ನ ತಮ್ಮನ ಮಕ್ಕಳು."

"ಅರ್ಧ ಟಿಕೆಟ್ ಹಾಕ್ಲಾ ಹಂಗಾದ್ರೆ?" ಎಂದು ನಕ್ಕು ಮುಂದೆ ಹೋದ.

ನಾಲ್ಕು ಗಂಟೆಗಳ ಪ್ರಯಾಣದ ಮೇಲೆ ಬಸ್ಸು ನಿಂತ ಕಡೆ ಮುಚ್ಚಳ ತೆಗೆದು ನೋಡಿದಳು. ಬಿಳಿಯ ನುಂಗಿದ್ದನ್ನೆಲ್ಲ ಕಕ್ಕಿಕೊಂಡಿದ್ದ. ನೀರು ಕಲಗಚ್ಚಿನಂತಾಗಿತ್ತು, ಅವನು ಅದರಲ್ಲಿ ಓರೆಯಾಗಿ ತೇಲುತ್ತಿದ್ದ. ತೊಟ್ಟಿಯಿಂದಲೇ ತುಂಬಿಸಿ ತಂದಿದ್ದ ಕ್ಯಾನಿನ ನೀರನ್ನೆಲ್ಲ ಅವನ ಡಬ್ಬಿಗೆ ಬದಲಾಗಿ ಸುರಿಯುವಾಗ ಅವಳ ಕೈ ತಪ್ಪಿ ಮಡಿಲಿಗೂ ಚೆಲ್ಲಿತು. ನಲವತ್ತು ವರ್ಷ ಕೂದಲೆಳೆಯಷ್ಟು ತೆಳ್ಳನೆಯ ಸ್ಪ್ರಿಂಗ್ ಹಿಡಿದ ಕೈ ಅದು. ಬಹಳ ಹೊತ್ತಿನ ಮೇಲೆ ಬಿಳಿಯ ನಿಧಾನವಾಗಿ ತಳಕ್ಕಿಳಿದು ಕೂತ. ಅವಳು ಕಣ್ಣು ಮುಚ್ಚಿ, ದೇವರಿಗೂ ಬಿಳಿಯನಿಗೂ ಒಟ್ಟಿಗೇ ತಪ್ಪಾಯ್ತೆಂದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಡಿಯ ತಪಾಸಣೆ ಕಟ್ಟೆಯಲ್ಲಿ ಎಲ್ಲರ ಸಾಮಾನೂ ಇಳಿಸಿದರು. ಅಧಿಕಾರಿಗೆ ಅವಳ ತಮ್ಮನದೇ ವಯಸ್ಸಿರಬೇಕು, ಷರಟಿನ ಕಾಲರು ಸವೆದಿತ್ತು. ಮುಚ್ಚಳ ತೆಗೆದು ಬಗ್ಗಿ ನೋಡಿದ.

"ನಗ್ತಾ ಇದೆಯಲ್ಲಮ್ಮಾ ಇದು."

"ಅವುಗಳ ಮುಖವೇ ಹಾಗೆ."

"ನಗೋ ಮುಖ ಆದ್ರೂ ಬಿಡಕ್ಕಾಗಲ್ಲ." ಗೋಡೆಯ ಮೇಲಿನ ಪಟ್ಟಿ ತೋರಿಸಿದ. "ನಿಮ್ಮ ಕಡೆ ಸಾಕಬಹುದು. ನಮ್ಮ ಕಡೆ ಪರವಾನಗಿ ಬೇಕು. ಜನ ಸಾಕಿ ಬೇಜಾರಾದ ಮೇಲೆ ಕೆರೆಗೆ ಬಿಡ್ತಾರೆ. ಅಲ್ಲಿರೋದನ್ನೆಲ್ಲ ಇವು ತಿನ್ತಾವೆ, ಇಲ್ಲಾ ರೋಗ ಹಚ್ತಾವೆ. ಅರ್ಜಿ ಹಾಕಿದ್ರೆ ಮೂರು ವಾರ."

"ನನ್ನ ತಮ್ಮನಿಗೆ ನಾಳೆ ಎಂಟಕ್ಕೆ ಆಪರೇಷನ್."

ಅವನು ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. "ನಮಗೆ ಒಪ್ಪಿಸಿದ್ರೆ ಔಷಧಿ ಹಾಕಿ ಮಲಗಿಸ್ತಾರೆ. ಏಳಲ್ಲ. ಇಲ್ಲಾ ವಾಪಸ್ ತಗೊಂಡು ಹೋಗಿ."

ವಾಪಸ್ ಹೋದರೆ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ, ಮತ್ತೆ ಬಸ್ಸಿರುವುದು ಬೆಳಗಿಗೆ, ಎಂಟಕ್ಕೆ ಆಸ್ಪತ್ರೆ ಮುಟ್ಟಲಾಗದು. ಪೆಟ್ಟಿಗೆಯೊಂದನ್ನೇ ಊರ ಕಡೆಯ ಬಸ್ಸಿಗೆ ಹಾಕಿ ಕಳಿಸೋಣವೆಂದರೆ ಮಂಜು ಬದಲಾಯಿಸುವವರು ಯಾರು, ಮನೆಯಲ್ಲಿ ಇಳಿಸಿಕೊಳ್ಳುವವರು ಯಾರು?

ಅಧಿಕಾರಿ ಕಿಟಕಿಯ ಕಡೆ ನೋಡುತ್ತಾ ದನಿ ತಗ್ಗಿಸಿದ. "ಹಿಂದುಗಡೆ ಒಂದು ಕೊಳ ಇದೆ. ನೆರಳಲ್ಲಿದೆ, ತಂಪಾಗಿದೆ. ನಾನು ಚಹಾ ಕುಡಿಯಕ್ಕೆ ಹೋಗ್ತೀನಿ. ಬರೋ ಹೊತ್ತಿಗೆ ಪೆಟ್ಟಿಗೆ ಖಾಲಿ ಇದ್ರೆ, ಖಾಲಿ ಪೆಟ್ಟಿಗೆ ಅಂತ ಬರೀತೀನಿ. ನೀವು ನಿಮ್ಮ ತಮ್ಮನ ಹತ್ರ ಹೋಗಿ."

ಕೊಳ ನಿಜವಾಗಿಯೂ ತಣ್ಣಗಿತ್ತು. ಅಂಚಿನಲ್ಲಿ ಕೂತು ಅವಳು ತಮ್ಮನಿಗೆ ಫೋನು ಹಚ್ಚಿದಳು.

"ಎಲ್ಲಿದ್ದೀಯಾ ಅಕ್ಕ?"

ಹೇಳಿದಳು. ಅವನು ಉಸಿರೆಳೆದುಕೊಂಡದ್ದು ಕೇಳಿಸಿತು.

"ಪರವಾನಗಿ ಬೇಕು ಅಂತ ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತು. ವಯಸ್ಸಾದ ಹೆಂಗಸು, ಬಿಟ್ಬಿಡ್ತಾರೇನೋ ಅಂದ್ಕೊಂಡೆ. ತಪ್ಪು ನಂದು."

"ನಂದೂ ಇದೆ. ಬೆಳಿಗ್ಗೆ ತಿನ್ನಕ್ಕೆ ಹಾಕ್ಬಿಟ್ಟೆ. ಬಿಳಿಯ ಕಕ್ಕಿಕೊಂಡ."

"ನೀನು ಹಾಕೇ ಹಾಕ್ತೀಯ ಅಂತ ಗೊತ್ತಿತ್ತು," ಎಂದು ಅವನು ಸಣ್ಣಗೆ ನಕ್ಕ. "ನಂಗೆ ಜ್ವರ ಬಂದಾಗ್ಲೂ ಡಾಕ್ಟ್ರು ಬೇಡ ಅಂದಿದ್ದನ್ನೆಲ್ಲ ತಿನ್ನಿಸ್ತಿದ್ದೆ. ಈಗ ಹೇಗಿದ್ದಾನೆ?"

"ತಳದಲ್ಲಿ ಕೂತಿದ್ದಾನೆ."

"ಕಾಲು?"

ತಮ್ಮ ಆಸ್ಪತ್ರೆಗೆ ಸೇರುವ ವಾರವೇ ಕರಿಯ ಬಿಳಿಯನ ಹಿಂಗಾಲು ಕಚ್ಚಿ ತೆಗೆದಿದ್ದ. ಈ ಜೀವಗಳಿಗೆ ಕಿತ್ತುಹೋದ ಕಾಲು ಮತ್ತೆ ಚಿಗುರುತ್ತದೆ. ಅವಳು ಚೀಲದಿಂದ ಭೂತಗನ್ನಡಿ ತೆಗೆದು, ಗಡಿಯಾರ ನೋಡುವ ಹಾಗೆ ಕಣ್ಣಿಗೆ ಸಿಕ್ಕಿಸಿಕೊಂಡು ಡಬ್ಬಿಯ ಮೇಲೆ ಬಾಗಿದಳು.

"ಪೂರ್ತಿ ಬಂದಿದೆ ಕಣೋ. ನಾಲ್ಕು ಬೆರಳು ಆಗ್ಲೇ ಇತ್ತಲ್ಲ. ಐದನೇದು... ಇರು, ಅಲ್ಲಾಡ್ಬೇಡ ಮಾರಾಯ... ಹೂಂ, ಇದೆ. ಸಾಸಿವೆ ಕಾಳಿನಷ್ಟಿದೆ."

ಆ ಕಡೆ ಆಸ್ಪತ್ರೆಯ ಯಾವುದೋ ಗಾಡಿಯ ಚಕ್ರ ಕಿರುಗುಟ್ಟುತ್ತಾ ಹಾದುಹೋಯಿತು.

"ನಾಳೆ ನೀನು ಇರ್ತೀಯಲ್ಲ ಅಕ್ಕ?" ಎಂದ ಆಮೇಲೆ. ಐದು ವರ್ಷದವನಾಗಿದ್ದಾಗ ಶಾಲೆಯ ಬಾಗಿಲಲ್ಲಿ ಕೇಳುತ್ತಿದ್ದ ದನಿ ಅದು.

ಕಂಡಕ್ಟರ್ ಸೀಟಿ ಊದಿದ. "ಅಕ್ಕಾ, ಐದೇ ನಿಮಿಷ."

"ಕೊಳ ತಣ್ಣಗಿದೆ. ಕೈ ಹಾಕಿ ನೋಡ್ದೆ," ಎಂದಳು. "ನೆರಳಿದೆ. ಆಫೀಸರ್ರೇ ಬಿಡಿ ಅಂದ್ರು, ಯಾರೂ ಏನೂ ಅನ್ನಲ್ಲ. ಬಿಟ್ಟು ಬಂದ್ಬಿಡ್ಲೇನೋ?"

"ಅದರಲ್ಲಿ ಕಪ್ಪೆ ಇದಾವಾ?"

ಅವಳು ನೀರು ನೋಡಿದಳು. ಸುಳ್ಳು ಹೇಳಬಹುದಿತ್ತು. ಅಂಚಿನ ಪಾಚಿಯ ಮೇಲೆ ಗೊದಮೊಟ್ಟೆಗಳು ಚುಕ್ಕಿ ಚುಕ್ಕಿಯಾಗಿ ಬಾಲ ಅಲ್ಲಾಡಿಸುತ್ತಿದ್ದವು.

"ಇವೆ. ಮರಿಗಳೂ ಇವೆ."

"ಹೂಂ."

"ಒಂಟಿಯಾಗಿ ಒಳಗೆ ಹೋಗ್ತೀಯಲ್ಲೋ. ಕಣ್ಣು ಬಿಟ್ಟಾಗ ಯಾರೂ ಇರಲ್ಲ. ನಾನು ಬರ್ತೀನಿ. ಇವನ್ನ ಇಲ್ಲಿ ಬಿಡ್ತೀನಿ, ಹೂಂ ಅನ್ನು. ಒಂದ್ಸಲ ಹೂಂ ಅನ್ನು ಸಾಕು."

ಬಸ್ಸಿನ ಎಂಜಿನ್ ಶುರುವಾಯಿತು. ಡಬ್ಬಿಯ ತಳದಲ್ಲಿ ಬಿಳಿಯ ಹೊಸ ಕಾಲನ್ನು ಊರಿ ಒಂದು ಹೆಜ್ಜೆ ಮುಂದಿಟ್ಟ.

"ಬೇಡ," ಎಂದ ತಮ್ಮ.