ಕೊರಳಿಗೆ ಕರೆಂಟ್ ಕೊಡಿಸಿಕೊಂಡ ಹುಡುಗಿ

ಕಮಲಾಪುರದ ತವರಿಗೆ ಬಂದಾಗಲೆಲ್ಲ ವಿದ್ಯಾವತಿ ಬಾಲ್ಯದ ಗೆಳತಿ ಸಕೀನಾಳನ್ನು ಕರೆಸಿಕೊಳ್ಳುತ್ತಿದ್ದಳು. ಸಕೀನಾ ಈಗ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಂದೂ ಇಬ್ಬರೂ ಅಂಗಳದಲ್ಲಿ ಕೂತು ಕೆಂಪು ಬಾಳೆಹಣ್ಣು ತಿನ್ನುತ್ತ ಶಾಲೆಯ ದಿನಗಳನ್ನು ನೆನೆಯುತ್ತಿದ್ದರು.

ವಿದ್ಯಾವತಿ ಒಂಬತ್ತು ವರ್ಷದವಳಿದ್ದಾಗ ಕೊರಳಲ್ಲಿ ಕ್ಯಾನ್ಸರ್ ಗಂಟಾಗಿತ್ತು. ಅಪ್ಪ ದೇವೀಂದ್ರಪ್ಪ ಹೈದರಾಬಾದಿಗೆ ಕರೆದೊಯ್ದು ಔಷಧ ಹಾಕಿಸಿ, ಕೊರಳಿಗೆ ಕರೆಂಟ್ ಕೊಡಿಸಿದ್ದರು. ವಿಕಿರಣ ಚಿಕಿತ್ಸೆಗೆ ಊರವರು ಹಾಗೆನ್ನುತ್ತಾರೆ. ಕೂದಲು ಉದುರಿದ ತಲೆಯಲ್ಲಿ ಅವಳು ಶಾಲೆಗೆ ಮರಳಿದ ದಿನ, ಸಕೀನಾ ತನ್ನ ಓಢಣಿಯನ್ನು ಎರಡಾಗಿ ಹರಿದು ಇಬ್ಬರ ತಲೆಗೂ ಕಟ್ಟಿದ್ದಳು.

“ಆವತ್ತ ಮನ್ಯಾಗ ಅಮ್ಮಿ ಕಡಿಂದ ಹೊಡತ ತಿಂದೆ,” ಎಂದು ಸಕೀನಾ ನಕ್ಕಳು.

“ಅಪ್ಪ ಬಸ್ಸಿನ್ಯಾಗ ದಾರಿ ತುಂಬ ಹಾಡ ಹೇಳ್ತಿದ್ದ. ಆ ದನಿ ಇನ್ನೂ ಕಿವ್ಯಾಗ ಅದ,” ಎಂದಳು ವಿದ್ಯಾವತಿ.

ಸ್ವಲ್ಪ ಹೊತ್ತಿನ ಮೇಲೆ ಸಕೀನಾ ಕೇಳಿದಳು, “ವಿದ್ಯಾ, ಥೈರಾಯ್ಡ್ ತೋರಿಸ್ಕೊಂಡೀಯೇನು?”

ಪಕ್ಕದಲ್ಲೇ ಕೂತಿದ್ದ ವಿದ್ಯಾವತಿಯ ತಾಯಿ ಚಂದಮ್ಮನ ಮುಖ ಬಿಗಿಯಿತು. “ಅದೆಲ್ಲ ಮುಗದು ಎಷ್ಟು ವರ್ಷ ಆತು. ಆರಾಮ ಇದ್ದಾಕಿನ್ನ ಯಾಕ ದವಾಖಾನಿಗಿ ಕರೀತಿ? ಆ ರೋಗದ ಮಾತೇ ಬ್ಯಾಡ.”

“ಕಾಕಿ, ಆ ಕರೆಂಟೇ ಈಕಿನ್ನ ಉಳಿಸೇದ, ಖರೆ. ಆದ್ರ ಸಣ್ಣ ಮಕ್ಕಳ ಕೊರಳಾಗಿನ ಥೈರಾಯ್ಡ್ ಗ್ರಂಥಿ ಭಾಳ ನಾಜೂಕು. ಕೊರಳಿಗೆ ಕರೆಂಟ್ ತಗೊಂಡ ಮಕ್ಕಳಿಗೆ ಎಷ್ಟೋ ವರ್ಷದ ಮ್ಯಾಲ ಅಲ್ಲಿ ಕ್ಯಾನ್ಸರ್ ಆಗೋ ಸಾಧ್ಯತೆ ಬ್ಯಾರೆಯವರಕಿಂತ ಹೆಚ್ಚು. ಎಲ್ಲರಿಗೂ ಆಗಂಗಿಲ್ಲ. ಆದವರಿಗೂ ಶುರುವಿಗೆ ನೋಯಂಗಿಲ್ಲ, ಅದಕ್ಕೇ ಗೊತ್ತಾಗಂಗಿಲ್ಲ. ಲಗೂನ ಸಿಕ್ಕರ ಬಹಳಷ್ಟು ಮಂದಿ ಗುಣ ಆಗ್ತಾರ.”

ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನಗ ಅಂಜಿಕಿ ಆಗ್ತದವ್ವ. ಆಗ ಅವರಿದ್ರು, ಎಲ್ಲಾ ನೋಡ್ಕೊಂಡ್ರು. ಈಗ ಅವರೂ ಇಲ್ಲ.”

“ನಾ ಇದ್ದೀನಲ್ಲ ಕಾಕಿ. ನೀವೂ ಬರ್ರಿ.”

ಮರುವಾರ ಮೂವರೂ ಕಲಬುರಗಿಗೆ ಹೋದರು. ಬಸ್ಸಿನಲ್ಲಿ ಚಂದಮ್ಮ ಮಗಳ ಕೈ ಬಿಡಲಿಲ್ಲ. ಡಾಕ್ಟರು ಕೊರಳು ಮುಟ್ಟಿ ನೋಡಿ ಸ್ಕ್ಯಾನ್ ಮಾಡಿಸಿದರು. ಕಡಲೆಕಾಳಿನಷ್ಟು ಗಂಟಿತ್ತು. ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಆದರೆ ಹರಡಿರಲಿಲ್ಲ. ಆಪರೇಷನ್ ಮಾಡಿ ಥೈರಾಯ್ಡ್ ಗ್ರಂಥಿಯನ್ನೇ ತೆಗೆದರು.

ಈಗ ವಿದ್ಯಾವತಿ ಆ ಗ್ರಂಥಿಯ ಬದಲಿಗೆ ದಿನಾ ಬೆಳಿಗ್ಗೆ ಒಂದು ಗುಳಿಗೆ ನುಂಗುತ್ತಾಳೆ, ಡಾಕ್ಟರು ಹೇಳಿದಾಗ ಹೋಗಿ ತೋರಿಸುತ್ತಾಳೆ, ಎಂದಿನಂತೆ ಸಂಸಾರ ನಡೆಸುತ್ತಾಳೆ. ಚಂದಮ್ಮ ಊರಿನ ಮಹಿಳಾ ಸಂಘದ ಹೆಣ್ಣುಮಕ್ಕಳಿಗೆ ತಾನೇ ಹೇಳುತ್ತಾಳೆ: “ನಾ ಅಂಜಿ ಸುಮ್ಮನಿರ್ರಿ ಅಂದಿದ್ದೆ. ಈ ಹುಡುಗ್ಯಾರು ನನ್ನ ಮಾತ ಕೇಳಲಿಲ್ಲ, ಛಲೋ ಆತು.”

ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ತಲೆ, ಕೊರಳು ಅಥವಾ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರಿದ್ದಾರೆಯೇ? ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ವರ್ಷಕ್ಕೊಮ್ಮೆ ಕೊರಳು ಪರೀಕ್ಷೆ ಮಾಡಿಸಿ. ಇದನ್ನು ಕೇಳಿ ಹೆದರಿಕೊಂಡು, ಈಗ ವಿಕಿರಣ ಚಿಕಿತ್ಸೆ ಬೇಕಾದ ಮಗುವಿಗೆ ಅದನ್ನು ತಪ್ಪಿಸಬೇಡಿ. ಅಂದು ಚಿಕಿತ್ಸೆ ಪಡೆದ ಮಕ್ಕಳನ್ನು ಉಳಿಸಿಕೊಳ್ಳಲು ಒಮ್ಮೆ ಅಷ್ಟು ಓಡಾಡಿದವರು ನೀವು. ಇನ್ನೊಮ್ಮೆ ಅವರ ಜೊತೆ ಪರೀಕ್ಷೆಗೆ ಹೋಗಿ.