ಚೆಂಡಿನ ಹಿಂದೆ ಹೋಗದ ಕಣ್ಣು

ಅರವತ್ತು ಸಾವಿರ ಕತ್ತುಗಳು ಏಕಕಾಲಕ್ಕೆ ಎಡದಿಂದ ಬಲಕ್ಕೆ ಹೊರಳುವಾಗ ಒಂದೇ ಒಂದು ಕತ್ತು ಕದಲದೆ ನಿಲ್ಲುವ ಸೋಜಿಗವನ್ನು ನೋಡಬೇಕೆಂದರೆ, ಚನ್ನಬಸವ್ವನವರ ಪಕ್ಕದಲ್ಲಿ ಕುಳಿತು ಅಮೆರಿಕನ್ ಫುಟ್‌ಬಾಲ್ ನೋಡಬೇಕು. ಆ ಆಟದ ಸೂತ್ರಧಾರ ಕ್ವಾರ್ಟರ್‌ಬ್ಯಾಕ್; ಚೆಂಡು ಮೊದಲು ಬರುವುದು ಅವನ ಕೈಗೆ, ಮೈಮೇಲೆ ಏರಿ ಬರುವ ದೈತ್ಯದೇಹಿಗಳ ನಡುವೆ ಮೂರೇ ಸೆಕೆಂಡಿನಲ್ಲಿ ಅದನ್ನು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವನೂ ಅವನೇ. ಚೆಂಡು ಅವನ ಕೈಬಿಟ್ಟು ಆಕಾಶಕ್ಕೇರಿದೊಡನೆ ಲೋಕವೆಲ್ಲ ಅದರ ಬೆನ್ನು ಹತ್ತುತ್ತದೆ. ಈಕೆ ಮಾತ್ರ ಎಸೆದವನನ್ನೇ ನೋಡುತ್ತಾರೆ. ಚೆಂಡು ಬಿದ್ದು, ಜನ ಕೂಗಿ ಸುಮ್ಮನಾದ ಮೇಲೂ ನೋಡುತ್ತಲೇ ಇರುತ್ತಾರೆ. "ಆಯ್ತಲ್ಲ, ಇನ್ನೂ ಏನು ನೋಡ್ತಿದ್ದೀರಿ?" ಎಂದು ಮೊದಲ ಸಲ ನಾನು ಕೇಳಿದಾಗ, ನನ್ನ ಕಡೆ ತಿರುಗದೆಯೇ ಅಂದಿದ್ದರು: "ತಡೀರಿ, ಇನ್ನೂ ಮುಗದಿಲ್ಲ."

ಅದು ಅವರ ಪಲ್ಲವಿ. ಮಗಳು ಐಶ್ವರ್ಯಾಳ ಶಾಲೆಯ ನಾಟಕದಲ್ಲಿಯೂ ಮಾತಾಡುತ್ತಿರುವ ಮಗುವನ್ನು ಬಿಟ್ಟು, ಮಾತು ಮುಗಿಸಿ ಮೂಲೆಯಲ್ಲಿ ನಿಂತ ಮಗುವನ್ನೇ ನೋಡುತ್ತ ಕೂತು, ಕೊನೆಗೆ ಕತೆ ಏನಾಯಿತೆಂದು ಮಗಳನ್ನೇ ಕೇಳಿ ಬೈಸಿಕೊಂಡವರು ಅವರು.

ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರಿಯೊಬ್ಬರ ಮಗಳು. ಅಮೆರಿಕದ ಫ್ರೀಮಾಂಟಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವರು. ಹದಿನಾಲ್ಕು ವರ್ಷ ಸೇತುವೆ ದಾಟಿ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗಿ ಬಂದರು. ಸೋಮವಾರದ ಕಾಫಿಯ ಹೊತ್ತಿಗೆ ಎಲ್ಲರೂ ಹಿಂದಿನ ದಿನದ ಫುಟ್‌ಬಾಲಿನ ಮಾತೇ ಆಡುವಾಗ, ಮೂಕಬಸವನಂತೆ ನಿಲ್ಲಲಾರದೆ ಆಟ ನೋಡಲು ಕುಳಿತವರು, ನೋಡುತ್ತ ನೋಡುತ್ತ ನೋಟುಬುಕ್ಕುಗಳನ್ನು ತುಂಬಿಸಿದರು. ಆ ಬರಹ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ, ದೂರದ ರಾಜ್ಯದ ಒಂದು ವೃತ್ತಿಪರ ತಂಡವನ್ನು ಮುಟ್ಟಿತು. ಪ್ರತಿ ಏಪ್ರಿಲ್‌ನಲ್ಲಿ ತಂಡಗಳು ಸರದಿಯ ಪ್ರಕಾರ ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುತ್ತವೆ; ಅದಕ್ಕೆ ಡ್ರಾಫ್ಟು ಎನ್ನುತ್ತಾರೆ. ಈ ಕಡೆಯ ಕಾಲೇಜುಗಳಲ್ಲಿ ಯಾವ ಹುಡುಗ ಮುಂದೆ ಬಂದಾನೆಂದು ಅಳೆದು ಹೇಳುವುದು ಈಗ ಚನ್ನಬಸವ್ವನವರ ಉದ್ಯೋಗ. ಬಸ್ಸು ತಪ್ಪಿಹೋಗುತ್ತದೆ ಎಂಬಂಥ ಪುಟ್ಟ ಪುಟ್ಟ ಬಿರುಸಿನ ಹೆಜ್ಜೆ. ಅಳತೆಗೆ ದೊಡ್ಡದಾದ ಕಂದುಬಣ್ಣದ ಉಣ್ಣೆಯ ಕೋಟು, ಮೇ ತಿಂಗಳ ಬಿಸಿಲಿಗೂ ಅದೇ. ಅದರ ಎಡಜೇಬಿನಲ್ಲಿ ಮೋಟು ಪೆನ್ಸಿಲ್ಲುಗಳು, ಬಲಜೇಬಿನಲ್ಲಿ ಹುರಿದ ಶೇಂಗಾ.

ಅವರ ಪ್ರತಿಯೊಂದು ವರದಿಯ ಮೊದಲ ಸಾಲು ಒಂದೇ: "ಬ್ರೆಂಟ್‌ನ ವಿಷಯದಲ್ಲಿ ನನ್ನ ಅಂದಾಜು ತಪ್ಪಾಗಿತ್ತು." ಆರು ವರ್ಷದ ಹಿಂದೆ ಅವರು ಹಾಡಿ ಹೊಗಳಿ ಆರಿಸಿದ ಹುಡುಗ ಬ್ರೆಂಟ್. ಆಜಾನುಬಾಹು, ಅವನ ಎಸೆತದ ಚೆಲುವಿಗೆ ಮರುಳಾಗದವರಿರಲಿಲ್ಲ. ಎರಡೇ ವರ್ಷದಲ್ಲಿ ತಂಡದಿಂದ ಹೊರಬಿದ್ದ. ಆಮೇಲೆ ಇವರು ಅವನ ಹಳೆಯ ಆಟಗಳನ್ನೆಲ್ಲ ಮತ್ತೆ ಹಾಕಿ ನೋಡಿದರೆ, ಚೆಂಡು ಎದುರಾಳಿಯ ಕೈಸೇರುತ್ತಿದ್ದಾಗಲೂ ಅವನು ಎತ್ತಿದ ಕೈ ಇಳಿಸದೆ ತನ್ನ ಎಸೆತವನ್ನೇ ಮೆಚ್ಚುತ್ತ ನಿಂತಿದ್ದ. "ನಾ ಚೆಂಡ ನೋಡ್ಕೋತ ಕೂತ್ನಿರಿ, ಹುಡುಗನ್ನ ನೋಡಲಿಲ್ಲ," ಎಂದರು ನನಗೆ. ಅಷ್ಟಕ್ಕೇ ಬಿಡಲಿಲ್ಲ. ಅವನು ಹತ್ತಿರದ ಹೇವರ್ಡಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾನೆಂದು ಪತ್ತೆಹಚ್ಚಿ, ಗೇಟಿನ ಮುಂದೆ ಕಾದು ನಿಂತು, ತಪ್ಪು ನಿನ್ನದಲ್ಲ, ನಿನ್ನಿಂದ ಆಗದ್ದನ್ನು ಆಗುತ್ತದೆಂದು ಬರೆದ ನನ್ನದು ಎಂದು ಹೇಳಿ ಬಂದರು. ಅವನು ಏನಂದ ಎಂದು ಕೇಳಿದೆ. "ಇಬ್ರೂ ಕೂತು ಶೇಂಗಾ ತಿಂದ್ವಿರಿ."

ಈ ವರ್ಷದ ಹುಡುಗ ಮೈಕಾ. ಐದಡಿ ಹತ್ತಂಗುಲ, ಈ ಕಸುಬಿಗೆ ಗಿಡ್ಡ; ಅಂಗೈಯೂ ಚಿಕ್ಕದು. ಅಳತೆಯ ಪಟ್ಟಿ ನೋಡಿದ ಎಲ್ಲ ತಂಡಗಳೂ ಅವನ ಹೆಸರನ್ನು ಹೊಡೆದುಹಾಕಿದ್ದವು. ಇವರು ಅವನ ಕೆಟ್ಟ ಆಟಗಳನ್ನೇ ಆರಿಸಿ ತಂದು ವಾರಗಟ್ಟಲೆ ನೋಡಿದರು. ವರ್ಷದಲ್ಲಿ ಅವನ ಏಳು ಎಸೆತ ಎದುರಾಳಿಗಳ ಪಾಲಾಗಿದ್ದವು. ಏಳರಲ್ಲಿಯೂ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ, ಪ್ರೇಕ್ಷಕರಿಗಾಗಲಿ ಸ್ವಂತ ಗುರುವಿಗಾಗಲಿ ಸುಳಿವು ಹತ್ತುವ ಮೊದಲೇ, ಅದು ತಪ್ಪಿ ಬೀಳುವ ಜಾಗಕ್ಕೆ ಮೈಕಾ ಓಡತೊಡಗಿದ್ದ.

"ಚನ್ನಾ, ಇನ್ನೊಬ್ಬ ಬ್ರೆಂಟ್ ಆದ್ರ ನಿನ್ನ ಕುರ್ಚಿ ಉಳಸೂದು ನನ್ನ ಕೈಯಾಗಿಲ್ಲ," ಎಂದನಂತೆ ತಂಡಕ್ಕೆ ಹುಡುಗರನ್ನು ಆರಿಸುವವರ ಮುಖ್ಯಸ್ಥ. ಅವನ ಇಂಗ್ಲಿಷನ್ನು ಇವರು ನನಗೆ ಒಪ್ಪಿಸಿದ್ದು ಹೀಗೆ. ಆ ವಾರ ಅವರ ಮನೆಯಲ್ಲಿ ಐಶ್ವರ್ಯಾ ಲ್ಯಾಪ್‌ಟಾಪಿನ ಮೇಲೆ ಬಗ್ಗಿ, "ಅಮ್ಮಾ, ಪ್ಲೀಸ್, ಈ ಸಲ ಆ ಫಸ್ಟ್ ಲೈನ್ ಡಿಲೀಟ್ ಮಾಡು," ಎಂದು ಅಪರೂಪಕ್ಕೆ ಕನ್ನಡದಲ್ಲಿಯೇ ಬೇಡಿಕೊಂಡಳು. "ಖರೇ ಇದ್ದದ್ದನ್ನ ಹೆಂಗವಾ ಅಳಸೂದು?" ಎಂದ ಚನ್ನಬಸವ್ವನವರು, ಬ್ರೆಂಟ್‌ನ ಸಾಲಿನ ಕೆಳಗೆ ಮೈಕಾನ ಹೆಸರು ಬರೆದು, ತಮ್ಮ ಕುರ್ಚಿಯನ್ನು ಪಣಕ್ಕಿಟ್ಟು ಕಳಿಸಿದರು. ಡ್ರಾಫ್ಟಿನ ಮೂರನೆಯ ದಿನ, ಹೆಚ್ಚುಕಡಿಮೆ ಎಲ್ಲರೂ ಎದ್ದುಹೋಗುವ ಹೊತ್ತಿಗೆ, ತಂಡ ಅವನನ್ನು ತೆಗೆದುಕೊಂಡಿತು.

ಆಗಸ್ಟಿನ ಅಭ್ಯಾಸದ ಪಂದ್ಯಕ್ಕೆ ತಂಡ ನಮ್ಮ ಕಡೆಗೇ ಬಂದಾಗ ನನ್ನನ್ನೂ ಕರೆದೊಯ್ದರು. ಕೊನೆಯ ಕಾಲುಭಾಗದಲ್ಲಿ ಮೈಕಾ ಕಣಕ್ಕಿಳಿದ. ಅವನ ಮೂರನೆಯ ಎಸೆತ ಮೇಲೇರಿತು, ಕತ್ತುಗಳೆಲ್ಲ ಹೊರಳಿದವು. ಅಂದು ಏನು ಪುಣ್ಯವೋ, ನನ್ನ ಕತ್ತು ಹೊರಳಲಿಲ್ಲ. ಆ ಗಿಡ್ಡ ಹುಡುಗ ಆಗಲೇ ಓಡುತ್ತಿದ್ದ! ಎದುರಾಳಿ ಚೆಂಡು ಹಿಡಿದು ಓಡತೊಡಗಿದನೆಂಬುದು ಜನರ ಕೂಗಿನಿಂದ ನನಗೆ ತಿಳಿದದ್ದು ಆಮೇಲೆ. ಮೈಕಾ ಅರ್ಧ ಮೈದಾನ ಅಡ್ಡಹಾಯ್ದು, ತನಗಿಂತ ಒಂದೂವರೆ ಪಾಲು ದಪ್ಪನೆಯವನ ಕಾಲಿಗೆ ಬಿದ್ದು, ದಾಟಿದರೆ ಅಂಕ ಸಿಗುವ ಗೆರೆಯಿಂದ ಎರಡು ಮಾರು ಈಚೆಗೆ ಅವನನ್ನು ಕೆಡವಿದ. ಚನ್ನಬಸವ್ವನವರ ಕೈ ನನ್ನ ಮುಂಗೈಯನ್ನು ನೋಯುವಂತೆ ಹಿಡಿದಿತ್ತು.

"ಕೆಡವಿಬಿಟ್ಟ!" ಎಂದೆ.

"ತಡೀರಿ," ಎಂದರು, ಕಣ್ಣು ತುಂಬಿತ್ತು. ಹುಡುಗ ಎದ್ದು, ತಾನು ಯಾರಿಗೆ ಎಸೆದಿದ್ದನೋ ಆ ಜೊತೆಗಾರನ ಬಳಿಗೆ ಹೋಗಿ, ತಪ್ಪು ನನ್ನದು ಎಂಬಂತೆ ತನ್ನ ಎದೆಯನ್ನು ಎರಡು ಸಲ ತಟ್ಟಿಕೊಂಡ. ಆಗ ಅವರು ನನ್ನ ಕೈ ಬಿಟ್ಟು ಜೇಬಿನಿಂದ ಶೇಂಗಾ ತೆಗೆದರು.

ಮೈಕಾ ಮುಂದೆ ಏನಾಗುತ್ತಾನೋ, ಆ ಕುರ್ಚಿ ಉಳಿಯುತ್ತದೋ ಇಲ್ಲವೋ, ನಾನರಿಯೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಹೋದದ್ದರ ಹಿಂದೆ ಯಾರೂ ಓಡುವುದಿಲ್ಲ. ಇನ್ನೊಬ್ಬರ ಯೋಗ್ಯತೆಯನ್ನು ಅಳೆದು ಹೇಳುವವರು ಊರಿಗೊಬ್ಬರಲ್ಲ, ಮನೆಗೊಬ್ಬರಿದ್ದಾರೆ. ಅಳೆದದ್ದು ತಪ್ಪಿತೆಂದು ತಿಳಿದ ದಿನ ಅದು ಬಿದ್ದ ಜಾಗವನ್ನು ಹುಡುಕಿಕೊಂಡು, ದೊಗಳೆ ಕೋಟು ಹಾಕಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಗೋದಾಮಿನ ಗೇಟಿನವರೆಗೂ ಓಡುವವರು ಎಲ್ಲೋ ಒಬ್ಬರು. ಅಂಥವರಿಂದ ಅಳೆಸಿಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕು.