ಕೊನೆಯ ಮಣಿ

ಬಸ್ ಡ್ರೈವರ್ ಮಂಚದ ಕೆಳಗಿನ ಪೆಟ್ಟಿಗೆಯನ್ನೂ ಎಳೆದು ನೆಲಕ್ಕೆ ಸುರಿದ. ಹೊರಕೋಣೆಯಲ್ಲಿ ಹೆಂಡತಿಯ ಹೆಣವಿತ್ತು. ಬೀದಿಯಲ್ಲಿ ಶವದ ವ್ಯಾನು ಬಂದು ನಿಂತಿತ್ತು.

"ಏನ್ ಹುಡುಕ್ತಾ ಇದ್ದೀರಿ ಭಾವ?" ನಾದಿನಿ ಕೇಳಿದಳು.

"ಅವಳ ಕೈಯಲ್ಲಿ ಆಗಿದ್ದು ಏನಾದ್ರೂ ಒಂದು. ಒಂದು ಕರ್ಚೀಫಾದ್ರೂ ಹೊಲಿದಿಡಬಾರದಿತ್ತಾ, ಮಾರಾಯ್ತಿ!"

"ಅಕ್ಕನ ಬ್ಲೌಸಿಗೆ ಹುಕ್ ಹಾಕ್ತಿದ್ದಿದ್ದೂ ನೀವೇ ಅಲ್ವಾ?" ಅವಳು ಅಳುತ್ತಲೇ ನಕ್ಕಳು.

ಸುಳ್ಳೇನಲ್ಲ. ಹೆಂಡತಿ ಜೀವಮಾನವಿಡೀ ಲೇಸರ್ ಪ್ರಯೋಗಾಲಯದಲ್ಲಿ ಮಣಿ ಮಾಡಿದಳು. ಮೆಣಸಿನ ಕಾಳಿಗಿಂತ ಸಣ್ಣ, ಟೊಳ್ಳು ಮಣಿ. ಅದರೊಳಗೆ ಜಲಜನಕ ತುಂಬಿ, ಸುತ್ತಲಿಂದ ಲೇಸರ್ ಹೊಡೆದು ಹಿಂಡಿದರೆ ಸೂರ್ಯನೊಳಗಿನ ಬೆಂಕಿಯೇ ಹೊತ್ತಿಕೊಳ್ಳುತ್ತದಂತೆ. ತಿಂಗಳುಗಟ್ಟಲೆ ಉಜ್ಜಿದ್ದು ರೆಪ್ಪೆ ಬಡಿಯುವುದರೊಳಗೆ ಮಟಾಮಾಯ!

*

"ಹೊತ್ಕೊಳ್ತು ಕಣ್ರೀ!" ಎನ್ನುತ್ತ ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿ ಬಂದಿದ್ದಳು.

"ನಿನ್ನ ಮಣಿ?"

"ಹೋಯ್ತು. ಹೋಗ್ಲೇಬೇಕಲ್ಲ."

"ನಂಗೊಂದು ತಂದ್ಕೊಡೇ. ಷೋಕೇಸಲ್ಲಿ ಇಡ್ತೀನಿ."

"ಚೆನ್ನಾಗಿರೋದೆಲ್ಲ ಲೇಸರಿಗೆ ಹೋಗುತ್ತೆ, ಉಳಿಯೋದೆಲ್ಲ ಗೀರು ಬಿದ್ದಿದ್ದು. ಅಂಥದನ್ನ ನಿಮಗೆ ಕೊಡ್ತೀನಾ? ಸುಮ್ನಿರಿ."

*

"ಇದು ಮೇಡಂ ಮಾಡಿದ ಕೊನೇದು," ಹೆಣವಿದ್ದ ಹೊರಕೋಣೆಯಲ್ಲಿ ಪ್ರಯೋಗಾಲಯದ ಇಂಜಿನಿಯರ್ ಎರಡೂ ಕೈಯಲ್ಲಿ ಗಾಜಿನ ಡಬ್ಬಿ ಹಿಡಿದು ನಿಂತಿದ್ದ. "ನಿಮಗೇ ಕೊಡೋಣ ಅಂದ್ರು ಎಲ್ರೂ."

ಡ್ರೈವರ್ ಅವನು ಕೊಟ್ಟ ಭೂತಗನ್ನಡಿಯಲ್ಲಿ ನೋಡಿದ. ದುಂಡಗೆ, ನುಣ್ಣಗೆ, ಕಿಟಕಿಯ ಬೆಳಕನ್ನೆಲ್ಲ ಮೈಮೇಲೆ ಎಳೆದುಕೊಂಡು ಕೂತಿತ್ತು. ಅವನಿಗೆ ಇದನ್ನು ಯಾರಿಗೂ ಕೊಡಲಾರೆ ಅನ್ನಿಸಿತು.

"ಗೀರಿದೆಯಾ?"

"ಒಂದೂ ಇಲ್ಲ ಸಾರ್."

"ಹಾಗಿದ್ರೆ ಯಾಕೆ ತಂದ್ರಿ?"

ಇಂಜಿನಿಯರ್ ತಲೆ ತಗ್ಗಿಸಿದ. "ನಿಮ್ಮ ಹತ್ರ ಏನೂ ಉಳೀಲಿಲ್ಲವಲ್ಲ ಅಂತ."

ಡ್ರೈವರ್ ಡಬ್ಬಿಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಹತ್ತಿರ ಹೋಗಲಿಲ್ಲ. ಅಳು ನಿಂತ ಮೇಲೆ ಡಬ್ಬಿಯನ್ನು ಇಂಜಿನಿಯರನತ್ತ ಚಾಚಿದ.

"ತಗೊಂಡ್ಹೋಗಿ. ಹೊತ್ತಿಸಿ."

"ಯೋಚನೆ ಮಾಡಿ ಸಾರ್. ಹೋದ್ರೆ ಹೋದ ಹಾಗೇ."

"ಗೊತ್ತು ಕಣಯ್ಯಾ. ಅವಳ ಜೊತೆ ಸಂಸಾರ ಮಾಡ್ದೋನು ನಾನು."

ಹೆಣವನ್ನು ವ್ಯಾನಿಗೆ ಏರಿಸಿ ಆಗಿತ್ತು. ಇಂಜಿನಿಯರನ ಕಾರು ಅದರ ಹಿಂದೆ ಸಿಕ್ಕಿಕೊಂಡಿತ್ತು. ಹೊರಡಲು ಅನುವಾದ ವ್ಯಾನಿನವನಿಗೆ ಡ್ರೈವರ್ ಅಂಗೈ ತೋರಿಸಿದ.

"ನೀ ತಡಿ. ಅದು ಮೊದಲು ಹೋಗ್ಲಿ."

ಆಮೇಲೆ ರಸ್ತೆಯ ನಟ್ಟನಡುವೆ ಹೋಗಿ ಎರಡೂ ತೋಳು ಚಾಚಿ ನಿಂತ. ಬಸ್ಸೊಂದು ಕಿರುಗುಟ್ಟಿ ನಿಂತಿತು. ಬೈಯಲು ತಲೆ ಹೊರಹಾಕಿದ ಅದರ ಚಾಲಕ, ನಿಂತವನು ಯಾರೆಂದು ಗುರುತಾಗಿ ಇಂಜಿನ್ ಆರಿಸಿದ. ಬಸ್ಸಿನ ಹಿಂದೆ ಲಾರಿ, ಸ್ಕೂಟರು, ಸೈಕಲ್ಲು ಒಂದೊಂದಾಗಿ ನಿಂತವು. ಕಾರು ನಡೆದು ಹೋಗುವವರಿಗಿಂತ ನಿಧಾನವಾಗಿ ವ್ಯಾನನ್ನು ದಾಟಿತು, ಅವನನ್ನು ದಾಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೂ ಅವನು ತೋಳು ಇಳಿಸಲಿಲ್ಲ.